ದಸರೆಗೆ ಮಲಗಿದ ಸರ್ವರ್, ಮುದಗಲ್ಲಿನ ಹನುಮಂತಪ್ಪ

ಪತ್ರಿಕಾ ಕಚೇರಿಯ ಸಿಸ್ಟಂ ವಿಭಾಗಕ್ಕೆ ಹೊಸದಾಗಿ ಸೇರುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ಯಂತ್ರ ಕೆಟ್ಟಾಗ ನೀವು ಒಬ್ಬರೇ ಇರುವುದಿಲ್ಲ. ಬೆನ್ನ ಹಿಂದೆ ಐದಾರು ಜನ ನಿಂತಿರುತ್ತಾರೆ. ಅದು ಯಾಕೆ ಕೆಟ್ಟಿತು ಎಂಬುದು ಅವರೆಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದವರು ನೀವೊಬ್ಬರೇ.

ನಾನು ಸಿಂಧನೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಅಚ್ಚುಮೊಳೆ ಜೋಡಿಸುವವಳಾಗಿ ಸೇರಿದೆ, ಕರಡು ತಿದ್ದಿದೆ, ಕಂಪ್ಯೂಟರ್ ಬಂದ ಮೇಲೆ ಪುಟ ಕಟ್ಟಿದೆ, ಕೊನೆಯ ವರ್ಷಗಳಲ್ಲಿ ಸರ್ವರ್ ನೋಡಿಕೊಂಡೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬ ವಿವರದಿಂದ ಓದುವವರಿಗೆ ಏನೂ ಉಪಯೋಗವಿಲ್ಲ. ಏನೇನು ಕೆಟ್ಟಿತು, ಹೇಗೆ ಸರಿಹೋಯಿತು ಎಂಬುದರಿಂದ ಸ್ವಲ್ಪ ಉಪಯೋಗವಾದೀತು.

ಲಿಂಗಸುಗೂರಿನ ಸುದ್ದಿ ಫ್ಲಾಪಿಯಲ್ಲಿ, ಬಸ್ಸಿನ ಮೇಲೆ ಬರುತ್ತಿದ್ದ ಕಾಲವಿತ್ತು. ಅಲ್ಲಿನ ನಮ್ಮ ವರದಿಗಾರ ಗುಂಡಪ್ಪ ಸುದ್ದಿ ಟೈಪ್ ಮಾಡಿ, ಫ್ಲಾಪಿಯನ್ನು ಲಕೋಟೆಗೆ ಹಾಕಿ ಖಾಸಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಒಮ್ಮೆ ವಾರವಿಡೀ ಬಂದ ಫ್ಲಾಪಿಗಳೆಲ್ಲ ಖಾಲಿ. ಗುಂಡಪ್ಪ ಸುದ್ದಿಯನ್ನೇ ಬರೆಯುತ್ತಿಲ್ಲ ಎಂದು ಸಂಪಾದಕರಿಗೆ ಅನುಮಾನ. ಸಿಂಧನೂರಿನವರು ಬೇಕೆಂದೇ ಅಳಿಸುತ್ತಿದ್ದಾರೆ ಎಂದು ಗುಂಡಪ್ಪನಿಗೆ ಅನುಮಾನ. ನಾನು ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸು ಹತ್ತಿ ನೋಡಿದೆ. ಬಸ್ಸಿಗೆ ಹೊಸ ಟೇಪ್ ರೆಕಾರ್ಡರ್ ಬಂದಿತ್ತು. ಲಕೋಟೆ ಗಾಳಿಗೆ ಹಾರಬಾರದೆಂದು ಕಂಡಕ್ಟರ್ ಅದನ್ನು ದೊಡ್ಡ ಸ್ಪೀಕರಿನ ಬೆನ್ನಿಗೆ ಸಿಕ್ಕಿಸಿದ್ದ. ಸ್ಪೀಕರಿನೊಳಗಿನ ಆಯಸ್ಕಾಂತ ಲಿಂಗಸುಗೂರಿನ ಸುದ್ದಿಯನ್ನೆಲ್ಲ ಅಳಿಸಿಹಾಕಿತ್ತು.

“ಅಕ್ಕಾರ, ಜ್ವಾಕಿ ಇರ್ಲಿ ಅಂತ ಅಲ್ಲಿ ಇಟ್ಟಿದ್ನಿರಿ,” ಎಂದ ಕಂಡಕ್ಟರ್. ಅವನ ಮಾತು ಸುಳ್ಳಲ್ಲ. ಬಸ್ಸಿನಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ಯಾರನ್ನಾದರೂ ಬೈಯುವ ಮೊದಲು ವಸ್ತು ಬಂದ ದಾರಿಯನ್ನು ಒಮ್ಮೆ ನಡೆದು ನೋಡಬೇಕು ಎಂಬುದನ್ನು ನಾನು ಕಲಿತದ್ದು ಆಗ.

ಫ್ಲಾಪಿ ಹೋಗಿ ಇಂಟರ್ನೆಟ್ ಬಂತು. ಪುಟಗಳು, ಜಾಹೀರಾತುಗಳು, ಹಳೆಯ ಫೋಟೊಗಳು ಎಲ್ಲವೂ ಒಂದೇ ಸರ್ವರಿಗೆ ಸೇರಿದವು. ಪುಟ ಕಟ್ಟುವ ಕಂಪ್ಯೂಟರುಗಳೂ ಮುದ್ರಣದ ಪ್ಲೇಟ್ ತಯಾರಿಸುವ ಯಂತ್ರವೂ ಅದರಿಂದಲೇ ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದವು. ಸರ್ವರ್ ಓಡಿಸುತ್ತಿದ್ದುದು ಲಿನಕ್ಸ್ ಎಂಬ ತಂತ್ರಾಂಶ. ಕಚೇರಿಯ ಹಿಂದಿನ ಕೋಣೆಯಲ್ಲಿ, ಮೊದಲು ಮೊಳೆಯ ಪೆಟ್ಟಿಗೆಗಳನ್ನು ಇಡುತ್ತಿದ್ದ ಕಲ್ಲಿನ ಕಟ್ಟೆಯ ಮೇಲೆ ಅದನ್ನು ಇಟ್ಟಿದ್ದೆವು.

ಸಂಪಾದಕ ಅಮರೇಶಪ್ಪನವರ ಬಗ್ಗೆಯೂ ಹೇಳಬೇಕು. ಯಾವ ಸುದ್ದಿ ಬಂದರೂ ಅವರ ಮೊದಲ ಪ್ರಶ್ನೆ “ಯಾರಂದ್ರು?” ಮಳೆ ಬಂತು ಎಂದು ನಾವು ನೆನೆದುಕೊಂಡು ಒಳಗೆ ಬಂದರೂ ಹಾಗೆಯೇ ಕೇಳುತ್ತಿದ್ದರು. ನಗುತ್ತಿದ್ದೆವು. ಆದರೆ ಯಂತ್ರದ ಕೆಲಸದಲ್ಲಿ ನನಗೆ ಒದಗಿದ್ದು ಇದೇ ಅಭ್ಯಾಸ. ಕೇಬಲ್ ಹೋಗಿದೆ ಎಂದು ಯಾರಾದರೂ ಹೇಳಿದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಇನ್ನು ಖಂಡೇ ಪೂಜೆ. ದಸರೆಯ ಹಿಂದಿನ ದಿನ ನಮ್ಮ ಕಡೆ ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲದಕ್ಕೂ ಪೂಜೆ. ನಮ್ಮ ಕಚೇರಿಯಲ್ಲಿ ಪೂಜೆಯ ಉಸ್ತುವಾರಿ ಮುದ್ರಣಯಂತ್ರ ನಡೆಸುವ ಯಂಕಪ್ಪನದು. ಆತನ ನಿಯಮ ಒಂದೇ: ಯಾವ ಯಂತ್ರವೂ ಓಡುತ್ತಿರಬಾರದು. ಸರ್ವರನ್ನು ಆರಿಸುವುದು ಒಳ್ಳೆಯದಲ್ಲ ಎಂದು ನಾನು ಮೊದಲ ವರ್ಷ ವಾದಿಸಿದ್ದೆ.

“ಅಕ್ಕಾ, ಓಡೋ ಎತ್ತಿಗಿ ಯಾರರ ಪೂಜಿ ಮಾಡ್ತಾರೇನು? ವರ್ಷಾನಗಟ್ಲೆ ದುಡದೈತಿ, ಒಂದಿನ ಮಕ್ಕೊಳ್ಳಲಿ ಬಿಡು,” ಎಂದು ಯಂಕಪ್ಪ ವಿಭೂತಿ ಹಚ್ಚಿದ್ದ.

ಹೀಗಾಗಿ ನಮ್ಮ ಸರ್ವರ್ ವರ್ಷಕ್ಕೊಮ್ಮೆ, ಆ ದಿನ ಮಾತ್ರ ಮಲಗುತ್ತಿತ್ತು. ಇದರ ಪರಿಣಾಮ ಏನೆಂದರೆ, ವರ್ಷದಲ್ಲಿ ಯಾವಾಗ ಯಾವ ತಪ್ಪು ಮಾಡಿದ್ದರೂ ಅದು ದಸರೆಯ ದಿನ, ಯಂತ್ರ ಮತ್ತೆ ಚಾಲೂ ಮಾಡಿದಾಗಲೇ ಬೆಳಕಿಗೆ ಬರುತ್ತಿತ್ತು. ಲಿನಕ್ಸ್ ಯಂತ್ರಕ್ಕೆ ಹೊಸ ಕರ್ನಲ್, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶ, ಹಾಕಿದರೂ, ಮತ್ತೆ ಚಾಲೂ ಮಾಡುವವರೆಗೆ ಅದು ಹಳೆಯ ಕರ್ನಲ್ಲಿನ ಮೇಲೆಯೇ ನಡೆಯುತ್ತಿರುತ್ತದೆ. ಎಲ್ಲವೂ ಸರಿಯಿದೆ ಎಂದು ತೋರುತ್ತಿರುತ್ತದೆ.

ಒಂದು ವರ್ಷ ಖಂಡೇ ಪೂಜೆಯ ದಿನದ ಸಂಚಿಕೆಯಲ್ಲಿ ನಮ್ಮ ಪತ್ರಿಕೆ ಮುದಗಲ್ಲಿನ ಹನುಮಂತಪ್ಪನವರನ್ನು ಸಾಯಿಸಿತು.

ತೀರಿಕೊಂಡವರು ಪಾಮನಕಲ್ಲೂರಿನ ಹನುಮಂತಪ್ಪ ಎಂಬ ಹಿರಿಯ ವ್ಯಾಪಾರಿ. ಗುಂಡಪ್ಪ ಕಳಿಸಿದ ಸುದ್ದಿಯಲ್ಲಿ ಊರಿನ ಹೆಸರು ಸರಿಯಾಗಿತ್ತು, ಫೋಟೊ ಇರಲಿಲ್ಲ. ಡೆಸ್ಕಿನವರು ಸರ್ವರಿನ ಫೋಟೊ ಸಂಗ್ರಹದಲ್ಲಿ ಹುಡುಕಿದಾಗ ‘ಹನುಮಂತಪ್ಪ, ವ್ಯಾಪಾರಿ’ ಎಂಬ ಫೋಟೊ ಸಿಕ್ಕಿತು. ಅದು ಮುದಗಲ್ಲಿನ ಕಿರಾಣಿ ಅಂಗಡಿಯ ಹನುಮಂತಪ್ಪನವರದು, ಅವರು ಎಂದೋ ಕೊಟ್ಟಿದ್ದ ಜಾಹೀರಾತಿನಿಂದ ಉಳಿದದ್ದು. ಅಷ್ಟರಲ್ಲಿ ದಸರಾ ಶುಭಾಶಯದ ಜಾಹೀರಾತುಗಳು ಪುಟಕ್ಕೆ ನುಗ್ಗಿದವು. ಜಾಗ ಮಾಡಲು ಸುದ್ದಿಯ ಕೊನೆಯ ಸಾಲು ಕತ್ತರಿಸಿದರು. ಊರಿನ ಹೆಸರು ಇದ್ದದ್ದು ಆ ಸಾಲಿನಲ್ಲಿ.

ಮಾಮೂಲಿ ದಿನವಾಗಿದ್ದರೆ ಮರುದಿನ ತಿದ್ದುಪಡಿ ಹಾಕಿ ಮುಗಿಸುತ್ತಿದ್ದೆವು. ಆದರೆ ಖಂಡೇ ಪೂಜೆಗೆ ಕಚೇರಿಗೆ ರಜೆ, ದಸರೆಯ ದಿನ ಪತ್ರಿಕೆಯೇ ಇಲ್ಲ. ತಪ್ಪು ಸುದ್ದಿ ಎರಡು ದಿನ ಹಾಗೆಯೇ ನಿಂತಿತು.

ದಸರೆಯ ಮಧ್ಯಾಹ್ನ ನಾವು ಕೆಲಸಕ್ಕೆ ಬಂದಾಗ ಹನುಮಂತಪ್ಪನವರು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬನ್ನಿ ಸೊಪ್ಪು. ದಸರೆಗೆ ನಮ್ಮಲ್ಲಿ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವುದು ಪದ್ಧತಿ. ಅವರು ಸಂಪಾದಕರ ಕೈಗೆ ಬನ್ನಿ ಇಟ್ಟರು.

“ಬಂಗಾರದಂಗ ಇರೋಣ್ರಿ. ನಾ ಮುದಗಲ್ಲಿನ ಹನುಮಂತಪ್ಪ. ನಿಮ್ಮ ಪೇಪರಿನ್ಯಾಗ ಸತ್ತಾಂವ.”

ಅಮರೇಶಪ್ಪನವರು ಅಭ್ಯಾಸಬಲದಿಂದ, “ಯಾರಂದ್ರು?” ಎಂದುಬಿಟ್ಟರು.

“ನೀವಽ ಅಂದೀರಲ್ರಿ! ಮೂರನೇ ಪುಟದಾಗ, ಫೋಟೊ ಹಾಕಿ.”

ನಗು ಮುಗಿದ ಮೇಲೆ ಅವರು ಬಂದ ಕಾರಣ ಹೇಳಿದರು. ಮರುದಿನ ಮುಂಜಾನೆ ಅವರ ಮಗಳ ನಿಶ್ಚಯ ಕಾರ್ಯ, ಮಸ್ಕಿಯ ಹುಡುಗನ ಮನೆಯಲ್ಲಿ. ಸಕ್ಕರೆ ಹಾಕಿದರೆ ಮದುವೆ ಗಟ್ಟಿಯಾದಂತೆ. ಪತ್ರಿಕೆ ನೋಡಿದ ಬಂಧುಗಳು ಕೆಲವರು ಸಾವಿನ ಮನೆಯೆಂದು ಮುದಗಲ್ಲಿಗೆ ಮಾತನಾಡಿಸಲು ಬಂದು, ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಹನುಮಂತಪ್ಪನವರನ್ನೇ ನೋಡಿ ಗಾಬರಿಯಾಗಿದ್ದರು. ಹುಡುಗನಿಗೂ ಅವನ ತಂದೆತಾಯಿಗೂ ಏನೂ ತಕರಾರಿರಲಿಲ್ಲ. ತಕರಾರು ಹುಡುಗನ ಅಜ್ಜಿ ಬಸಮ್ಮನದು. ಹನುಮಂತಪ್ಪ ಖುದ್ದಾಗಿ ಮಸ್ಕಿಗೆ ಹೋಗಿ ಅವಳ ಮುಂದೆ ನಿಂತು ಬಂದಿದ್ದರು.

“ಏನಂದ್ಳು ಗೊತ್ತೇನ್ರಿ? ‘ನೀ ಬದುಕಿದ್ದು ನನಗ ಕಾಣಸ್ತೈತಿ. ಆದ್ರ ಹತ್ತು ಊರ ಮಂದಿ ಓದ್ಯಾರ. ಸೂತಕದ ಮನೀಗಿ ಸಕ್ಕರಿ ಹಾಕಿದ್ರು ಅಂತ ನಾಳಿ ಮಾತಾಡ್ತಾರ. ಪೇಪರಿನ್ಯಾಗ ಸತ್ತಾಂವ ಪೇಪರಿನ್ಯಾಗ ಬದುಕಿ ಬರಲಿ. ಇಲ್ಲಂದ್ರ ದೀಪಾವಳಿ ಆದಮ್ಯಾಲ ನೋಡೋಣು’ ಅಂದ್ಳು. ಹುಡುಗ ನೌಕರಿ ಮ್ಯಾಲ ದೂರ ಹೊಂಟಾನ. ಈಗ ತಪ್ಪಿತು ಅಂದ್ರ ತಪ್ಪಿದಂಗಽರಿ.”

ಅಮರೇಶಪ್ಪನವರು ತಿದ್ದುಪಡಿಯನ್ನು ಮೊದಲ ಪುಟದಲ್ಲೇ ಹಾಕುತ್ತೇವೆ ಎಂದರು. ಮಸ್ಕಿಯ ಪ್ರತಿಗಳ ಕಟ್ಟು ಮೊದಲ ಬಸ್ಸಿಗೆ ಹೋಗುತ್ತದೆ, ಕಾರ್ಯದ ಮುಂಚೆ ಪತ್ರಿಕೆ ಅಜ್ಜಿಯ ಕೈಯಲ್ಲಿರುತ್ತದೆ. ಹನುಮಂತಪ್ಪ ನಿಶ್ಚಿಂತೆಯಿಂದ ಕುರ್ಚಿ ಎಳೆದುಕೊಂಡು ಕೂತರು. ಯಂಕಪ್ಪ ಸರ್ವರಿಗೆ ಕೈಮುಗಿದ. ನಾನು ಗುಂಡಿ ಒತ್ತಿದೆ.

ಸರ್ವರ್ ಎದ್ದಿತು. ಆದರೆ ಪುಟ ಕಟ್ಟುವವರು ಒಬ್ಬೊಬ್ಬರಾಗಿ ಎದ್ದು ಬಂದರು. ಯಾರ ಕಂಪ್ಯೂಟರಿಗೂ ಸರ್ವರ್ ಕಾಣುತ್ತಿರಲಿಲ್ಲ.

ನಾನು ಮೊದಲೇ ಹೇಳಿದ ಐದಾರು ಜನ ಬೆನ್ನ ಹಿಂದೆ ಸೇರಿದರು. ಪೂಜೆಯ ತೆಂಗಿನಕಾಯಿ ನೀರು ಒಳಗೆ ಹೋಗಿದೆ ಎಂದರು ಸಂಪಾದಕರು. ಇಲಿ ವೈರು ಕಡಿದಿದೆ ಎಂದರು ಜಾಹೀರಾತಿನವರು. “ಕುಂಬಳಕಾಯಿ ಒಂದಽ ಏಟಿಗಿ ಒಡೀಲಿಲ್ಲ. ಆವಾಗಽ ನನಗ ಅನಸ್ತು,” ಎಂದ ಯಂಕಪ್ಪ.

ಕೇಬಲ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಸರ್ವರಿನ ಪರದೆಯ ಮುಂದೆ ಕೂತು, ಯಾವ ನೆಟ್‌ವರ್ಕ್ ಕಾರ್ಡುಗಳಿವೆ ಎಂದು ಯಂತ್ರವನ್ನೇ ಕೇಳಿದೆ. ಒಂದೂ ಇಲ್ಲ ಎಂದಿತು. ಕಾರ್ಡು ಯಂತ್ರದೊಳಗೆ ಇತ್ತು. ಆದರೆ ಯಂತ್ರಕ್ಕೆ ಅದರ ಗುರುತು ಇರಲಿಲ್ಲ. ಕಾರ್ಡನ್ನು ನಡೆಸುವ ಮಾಡ್ಯೂಲನ್ನು ಹೆಸರು ಹಿಡಿದು ಕರೆದೆ. ಅಂಥ ಮಾಡ್ಯೂಲ್ ಸಿಗಲಿಲ್ಲ ಎಂಬ ಉತ್ತರ ಬಂತು.

ಗೊತ್ತಿಲ್ಲದವರಿಗೆ ಇದನ್ನು ಪತ್ರಿಕೆಯ ಭಾಷೆಯಲ್ಲಿ ಹೇಳುವುದು ಸುಲಭ. ಕರ್ನಲ್ ಎಂದರೆ ಸಂಪಾದಕ. ಮಾಡ್ಯೂಲುಗಳು ತಾಲ್ಲೂಕು ವರದಿಗಾರರು. ಒಬ್ಬನಿಗೆ ನೆಟ್‌ವರ್ಕ್ ಗೊತ್ತು, ಇನ್ನೊಬ್ಬನಿಗೆ ಪೆನ್‌ಡ್ರೈವ್ ಗೊತ್ತು. ಪ್ರತಿ ಕರ್ನಲ್ ತನ್ನದೇ ವರದಿಗಾರರನ್ನು ಕರೆತರುತ್ತದೆ, ಹಿಂದಿನವರನ್ನು ನಂಬುವುದಿಲ್ಲ. ನಮ್ಮಲ್ಲಿ ಹೊಸ ಸಂಪಾದಕ ಬಂದು ಕುರ್ಚಿಯಲ್ಲಿ ಕೂತಿದ್ದ, ಅರ್ಧ ವರದಿಗಾರರು ಬಂದೇ ಇರಲಿಲ್ಲ.

ನಮ್ಮ ಸರ್ವರಿನ ನಿರ್ವಹಣೆಯ ಗುತ್ತಿಗೆ ರಾಯಚೂರಿನ ಜಿಲಾನಿಯದು. ಹಬ್ಬಕ್ಕೆ ಮುಂಚೆ ರಾಯಚೂರಿನಿಂದಲೇ ಇಂಟರ್ನೆಟ್ ಮೂಲಕ ಜೋಡಿಸಿಕೊಂಡು ಕರ್ನಲ್ ಮೇಲ್ದರ್ಜೆಗೆ ಏರಿಸಿದ್ದವನು ಆತನೇ. ಫೋನ್ ಮಾಡಿದೆ. ಸ್ನೇಹಿತರ ಮನೆಯ ಹಬ್ಬದೂಟದಲ್ಲಿದ್ದ. ನನ್ನನ್ನು ಆತ ಅಕ್ಕ ಎನ್ನದೆ ಉರ್ದುವಿನಲ್ಲಿ ಆಪಾ ಎನ್ನುತ್ತಿದ್ದ.

“ಆಪಾ, ಹೋಳಿಗಿ ಬಾಯಾಗ ಐತಿ, ಒಂದ್ ಮಿಂಟ್... ಹಾಂ, ಹೇಳ್ರಿ.”

ಪರದೆಯ ಮೇಲಿದ್ದುದನ್ನು ಓದಿ ಹೇಳಿದೆ.

“ಯಾ ಅಲ್ಲಾ. ಹೆಚ್ಚುವರಿ ಮಾಡ್ಯೂಲಿನ ಗಂಟು ಬ್ಯಾರೆ ಇರ್ತೈತ್ರಿ. ಅದು ಕೂತಿಲ್ಲ ಅಂತ ಕಾಣಸ್ತದ.”

“ಹಳೇ ಕರ್ನಲ್ಲಿನಿಂದ ಚಾಲೂ ಮಾಡ್ಲೇನಪಾ?”

“ಜಾಗ ಸಾಲಲಿಲ್ಲಂತ ಹಳೇವು ಎಲ್ಲ ತೆಗದ್ಬಿಟ್ಟೀನ್ರಿ ಆಪಾ. ಫಿಕರ್ ಮಾಡಬ್ಯಾಡ್ರಿ. ಬೈಯೋದಿದ್ರ ಆಮ್ಯಾಲ ಬೈರಿ, ನಾ ಲೈನಿನ್ಯಾಗಽ ಇರ್ತೀನಿ.”

ನಾನು ಬೈಯಲಿಲ್ಲ. ಬೈದರೆ ಆಗ ಸಿಗುವುದು ಮಾಡ್ಯೂಲಲ್ಲ.

ಸರ್ವರಿಗೆ ಇಂಟರ್ನೆಟ್ ಇಲ್ಲ, ಯಾಕೆಂದರೆ ಮಾಡ್ಯೂಲ್ ಇಲ್ಲ. ಮಾಡ್ಯೂಲ್ ತರಲು ಇಂಟರ್ನೆಟ್ ಬೇಕು. ಫೋನನ್ನು ವೈರಿನಿಂದ ಸರ್ವರಿಗೆ ಜೋಡಿಸಿ ನೋಡಿದೆ. ಅದನ್ನು ಗುರುತಿಸಬೇಕಾದ ವರದಿಗಾರನೂ ಗೈರು. ಉಳಿದ ದಾರಿ ಒಂದೇ: ಪುಟ ಕಟ್ಟುವ ಕಂಪ್ಯೂಟರಿನಲ್ಲಿ ಆ ಗಂಟನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಹೊತ್ತು ತರಬೇಕು.

ಪುಟ ಕಟ್ಟುವವರಲ್ಲಿ ಒಬ್ಬರು ತಮ್ಮ ಫೋನಿನ ಇಂಟರ್ನೆಟ್ಟಿನಿಂದ ಇಳಿಸಿಕೊಟ್ಟರು. ಹಾಕಿದರೆ ಸರ್ವರ್ ಹೊಂದುವುದಿಲ್ಲ ಎಂದಿತು. ಇಳಿಸಿದ್ದರ ಹೆಸರನ್ನೂ ಸರ್ವರಿನಲ್ಲಿ ಓಡುತ್ತಿದ್ದ ಕರ್ನಲ್ಲಿನ ಹೆಸರನ್ನೂ ಕರಡು ತಿದ್ದುವಂತೆ ಬೆರಳಿಟ್ಟು ಓದಿದೆ. ಎಲ್ಲವೂ ಒಂದೇ, ಕೊನೆಯ ಅಂಕಿಯೊಂದು ಬೇರೆ. ಅವರು ಎಲ್ಲಕ್ಕಿಂತ ಹೊಸದು ಒಳ್ಳೆಯದೆಂದು ಅದನ್ನು ತಂದಿದ್ದರು.

ಹಿಂದೆ ಕೂತಿದ್ದ ಹನುಮಂತಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. “ಅಂದ್ರ ಹೆಸರು ಅದಽ, ಊರು ಬ್ಯಾರೆ,” ಎಂದರು. ಡೆಸ್ಕಿನವರು ನೆಲ ನೋಡಿದರು.

ಸರಿಯಾದ ಆವೃತ್ತಿಯನ್ನು ಜಿಲಾನಿ ಒಂದೊಂದೇ ಅಂಕಿ ಹೇಳಿ ಹುಡುಕಿಸಿದ. ಈ ಸಲ ಬಿಟ್ಟುಹೋದವನ್ನೆಲ್ಲ ಒಟ್ಟಿಗೆ ಇಳಿಸಿದ್ದರಿಂದ ಗಂಟು ದೊಡ್ಡದು, ಮೊದಲಿನ ಪೆನ್‌ಡ್ರೈವಿನಲ್ಲಿ ಜಾಗ ಸಾಲದು ಎಂದು ಜಾಹೀರಾತಿನವರು ತಮ್ಮ ದೊಡ್ಡ ಹೊಸ ಪೆನ್‌ಡ್ರೈವ್ ಕೊಟ್ಟರು. ಸರ್ವರ್ ಅದನ್ನು ಓದಲೇ ಇಲ್ಲ. ಆ ಹೊಸ ಬಗೆಯ ಪೆನ್‌ಡ್ರೈವ್ ಓದುವ ಮಾಡ್ಯೂಲೂ ಬಾರದೆ ಉಳಿದವುಗಳ ಗುಂಪಿನಲ್ಲೇ ಇತ್ತು. ಹಳೆಯ ಬಗೆಯದು, ಸ್ವಲ್ಪ ಜಾಗ ಇರುವಂಥದು ಬೇಕಿತ್ತು. ಹಬ್ಬಕ್ಕೆ ಸಿಂಧನೂರಿನ ಅಂಗಡಿಗಳೆಲ್ಲ ಮುಚ್ಚಿದ್ದವು.

ಹನುಮಂತಪ್ಪ ಅಂಗಿಯ ಜೇಬಿಗೆ ಕೈ ಹಾಕಿದರು. “ಇದು ನಡೀತೈತೇನು ನೋಡ್ರಿ ಅಕ್ಕಾರ. ಈ ಸಲ ನಂದು ಚಂದನ ಫೋಟೊ ಹಾಕ್ರಿ ಅಂತ ತಂದೀನಿ. ಅಳಿಯಾ ಆಗಾಂವ ತುಂಬಿ ಕೊಟ್ಟಾನ.”

ಬಣ್ಣ ಹೋದ, ಮುಚ್ಚಳವಿಲ್ಲದ ಪೆನ್‌ಡ್ರೈವ್. ಸರ್ವರ್ ಅದನ್ನು ಕೂಡಲೇ ಓದಿತು. ಅವರ ಫೋಟೊ ಪಕ್ಕದಲ್ಲೇ ಗಂಟನ್ನು ತುಂಬಿ ತಂದೆ.

ಈ ಸಲ ಸರ್ವರ್ ಹೊಂದುವುದಿಲ್ಲ ಎನ್ನಲಿಲ್ಲ. ಮಾಡ್ಯೂಲುಗಳ ಪಟ್ಟಿಯನ್ನು ಮತ್ತೆ ಸಿದ್ಧಪಡಿಸುವ ಆಜ್ಞೆ ಕೊಟ್ಟು, ನೆಟ್‌ವರ್ಕಿನ ಮಾಡ್ಯೂಲನ್ನು ಹೆಸರು ಹಿಡಿದು ಕರೆದೆ. ಪರದೆ ಏನೂ ಹೇಳಲಿಲ್ಲ. ಲಿನಕ್ಸಿನಲ್ಲಿ ಕೆಲಸ ಸರಿಯಾದರೆ ಉತ್ತರ ಬರುವುದಿಲ್ಲ. ಸರ್ವರಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಹಸಿರು ದೀಪ ಹತ್ತಿತು.

“ಬಂತ್ರಿ!” ಎಂದು ಹೊರಗಿನ ಕೋಣೆಯಿಂದ ಕೂಗಿದರು.

“ನಾ ಹೇಳ್ಲಿಲ್ಲಾ, ಮಲಗಿ ಎದ್ರ ಹುರುಪಿರ್ತೈತಿ,” ಎಂದ ಯಂಕಪ್ಪ. ಕುಂಬಳಕಾಯಿಯ ಮಾತು ಅವನಿಗೆ ಮರೆತಿತ್ತು.

ಫೋನಿನಲ್ಲಿ ಜಿಲಾನಿ, “ಈಗ ಬೈರಿ ಆಪಾ,” ಎಂದ. ಊಟ ಮುಗಿಸು, ನಾಳೆ ಬೈಯುತ್ತೇನೆ ಎಂದೆ. ಮರುದಿನ ನೆನಪಿಟ್ಟು ಬೈದೆ. ಮುಂದಿನ ವರ್ಷದಿಂದ ನಮ್ಮಿಬ್ಬರ ನಡುವೆ ಎರಡು ನಿಯಮಗಳಾದವು. ಹೊಸ ಕರ್ನಲ್ ಹಾಕಿದರೆ ಅದೇ ಹೊತ್ತಿನಲ್ಲಿ ಯಂತ್ರ ಆರಿಸಿ ಹೊತ್ತಿಸಿ ನೋಡಬೇಕು. ಹೊಸದು ಸರಿಯಾಗಿ ನಡೆಯುತ್ತದೆ ಎಂದು ಕಣ್ಣಾರೆ ಕಾಣುವವರೆಗೆ ಹಳೆಯದನ್ನು ತೆಗೆಯಬಾರದು. ಈ ಲೇಖನದಿಂದ ಕೆಲಸಕ್ಕೆ ಬರುವ ತಾಂತ್ರಿಕ ವಿಷಯ ಇಷ್ಟೇ.

ಅಮರೇಶಪ್ಪನವರು ಬರೆದ ತಿದ್ದುಪಡಿ ಚಿಕ್ಕದಾಗಿತ್ತು. ಮುದಗಲ್ಲಿನ ಹನುಮಂತಪ್ಪನವರು ಆರೋಗ್ಯವಾಗಿದ್ದಾರೆ, ಪತ್ರಿಕೆ ವಿಷಾದಿಸುತ್ತದೆ. ಜೊತೆಗೆ ಹೊಸ ಫೋಟೊ. ಪುಟ ಸಿದ್ಧವಾದಾಗ ಹನುಮಂತಪ್ಪನವರಿಗೆ ತೋರಿಸಿದೆವು. ಕನ್ನಡಕ ಏರಿಸಿ ಎರಡು ಸಲ ಓದಿದರು.

“ನಂದು ಬರೋಬ್ಬರಿ ಐತ್ರಿ. ಅಂವಂದು ಎಲ್ಲೈತಿ?”

“ಯಾರದು?” ಎಂದರು ಸಂಪಾದಕರು.

“ಖರೇನ ಸತ್ತಾಂವಂದು. ನನ್ನ ಹೆಸರಿನಾಂವ. ನಾ ಬದುಕೀನಿ ಅಂತ ಹಾಕಿದ್ರಿ, ಅಂವಾ ಹೋಗ್ಯಾನ ಅಂತ ಯಾರ ಹೇಳ್ಯಾರ? ಅಂವನ ಸುದ್ದಿ ಮ್ಯಾಲ ನನ್ನ ಮಾರಿ ಕುಂದ್ರಸಿದ್ರಿ.”

ಅಮರೇಶಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಗುಂಡಪ್ಪನಿಗೆ ಫೋನ್ ಹೋಯಿತು. ಆತ ಬೈಕ್ ಹತ್ತಿ ಪಾಮನಕಲ್ಲೂರಿಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಫೋಟೊ ಬಂತು. ತೀರಿಕೊಂಡವರ ಹೆಂಡತಿ ಆ ಪತ್ರಿಕೆಯನ್ನು ಮಡಚಿ ಬದಿಗಿಟ್ಟಿದ್ದರಂತೆ. “ಇದು ನಮ್ಮವರಲ್ಲ” ಎಂದಷ್ಟೇ ಹೇಳಿದರಂತೆ. ಗುಂಡಪ್ಪ ಹೇಳಿದ್ದನ್ನು ಕೇಳಿ ಪುಟ ಕಟ್ಟುವವರು ಯಾರೂ ಹೇಳದೆಯೇ ಒಂದು ಜಾಹೀರಾತನ್ನು ಒಳಪುಟಕ್ಕೆ ಸರಿಸಿದರು. ಎರಡು ಫೋಟೊಗಳು ಅಕ್ಕಪಕ್ಕ ಕೂತವು. ಎರಡರ ಕೆಳಗೂ ಊರಿನ ಹೆಸರು ದಪ್ಪ ಅಕ್ಷರದಲ್ಲಿ.

ಮುಂಜಾನೆ ಮಸ್ಕಿಯ ಕಟ್ಟಿನ ಜೊತೆ ನಾನೂ ಬಸ್ಸು ಹತ್ತಿದೆ. ಪತ್ರಿಕೆಯ ಪರವಾಗಿ ಯಾರಾದರೊಬ್ಬರು ಎದುರು ನಿಂತು ಕ್ಷಮೆ ಕೇಳಬೇಕೆಂದು ಸಂಪಾದಕರು ಕಳಿಸಿದ್ದರು. ಹುಡುಗನ ಮನೆಯ ಮುಂದೆ ಹಂದರ ಹಾಕಿದ್ದರು. ಮುದಗಲ್ಲಿನಿಂದ ಬಂದವರು ಹೊರಗೇ ನಿಂತಿದ್ದರು. ಹನುಮಂತಪ್ಪನವರು ಹೊಸ್ತಿಲ ಈಚೆ, ಬಸಮ್ಮಜ್ಜಿ ಹೊಸ್ತಿಲ ಆಚೆ ಮಣೆಯ ಮೇಲೆ. ಸಕ್ಕರೆಯ ತಟ್ಟೆ ಅವಳ ಪಕ್ಕದಲ್ಲೇ ಇತ್ತು, ಮೇಲೆ ಸೆರಗು ಮುಚ್ಚಿದ್ದಳು.

ಪತ್ರಿಕೆ ಕೊಟ್ಟೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗ ಓದಿ ಹೇಳಿದ. ಅವಳು ಹಾಳೆಯನ್ನು ಕಣ್ಣಿನ ಹತ್ತಿರ ತಂದು ಮೊದಲ ಫೋಟೊ ನೋಡಿದಳು, ಬಾಗಿಲಲ್ಲಿ ನಿಂತವರನ್ನು ನೋಡಿದಳು, ತಲೆಯಾಡಿಸಿದಳು. ನಂತರ ಎರಡನೆಯ ಫೋಟೊ ಮೇಲೆ ಬೆರಳಿಟ್ಟಳು.

“ಇವರ್ಯಾರು?”

“ತೀರಿಕೊಂಡವರು ಅಮ್ಮಾ. ಪಾಮನಕಲ್ಲೂರಿನ ಹನುಮಂತಪ್ಪನವರು,” ಎಂದೆ.

ಬಸಮ್ಮಜ್ಜಿ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಆ ಫೋಟೊಗೆ ಕೈಮುಗಿದಳು. ಆಮೇಲೆ ಅವಳು ತಟ್ಟೆಯ ಮೇಲಿನ ಸೆರಗು ತೆಗೆದಳು.

“ಹೊಚ್ಚಲದಾಗ ಯಾಕ ನಿಂತೀದಿ ಬೀಗಾ?” ಎಂದಳು. “ಒಳಗ ಬಾ.”